ವಿಧ್ಯುಕ್ತ ಪಹರೆಯ ಯೋಧರ ಫೋಟೊ: ಕವಾಯತು, ಬೆಳಕು, ಮರ್ಯಾದೆ

ನೆರಳುಬೆಳಕು (ಚರ್ಚೆ ಆರಂಭಿಸಿದವರು)
ಸ್ಮಾರಕಗಳ ಮುಂದೆ, ಅರಮನೆಯ ಬಾಗಿಲಲ್ಲಿ, ಅನಾಮಿಕ ಯೋಧನ ಸಮಾಧಿಯ ಬಳಿ ಪಹರೆ ನಿಲ್ಲುವ ಸೈನಿಕರ ಫೋಟೊಗಳಿಗೆ ನೆಟ್‌ನಲ್ಲಿ ಬರವಿಲ್ಲ. ಆದರೆ ಬಹುಪಾಲು ಒಂದೇ ತರ. ಅರ್ಧಕ್ಕೆ ನಿಂತ ಕಾಲು, ಟೋಪಿಯ ನೆರಳಲ್ಲಿ ಕಾಣದ ಮುಖ, ಪಕ್ಕದಲ್ಲಿ ಯಾರದೋ ಸೆಲ್ಫಿ ಸ್ಟಿಕ್, ಕೆಳಗೆ ‘ಸೆಲ್ಯೂಟ್’ ಅಂತ ಒಂದೇ ಪದ. ಯಾವ ರೆಜಿಮೆಂಟು, ಯಾವ ಸಂದರ್ಭ ಅನ್ನೋದು ಗೊತ್ತಾಗಲ್ಲ.

ಗೊತ್ತಿದ್ದವರು ಮೂರು ವಿಷಯ ಬಿಡಿಸಿ ಹೇಳಿ. ಯಾವ ಕ್ಷಣಕ್ಕೆ ಬಟನ್ ಒತ್ತಬೇಕು? ಕೆಂಪು ಕೋಟು, ಬಿಳಿ ಕೈಗವಸು, ಕಪ್ಪು ಟೋಪಿ ಒಂದೇ ಫ್ರೇಮಿನಲ್ಲಿದ್ದರೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೇಗೆ? ತೆಗೆದ ಮೇಲೆ ಆ ಫೋಟೊ ಅವರಿಗೆ ಗೌರವವಾಗುವ ಹಾಗೆ ಏನು ಮಾಡಬೇಕು?

ಕವಾಯತುಮೈದಾನ
ಮೊದಲ ಪ್ರಶ್ನೆಗೆ ಉತ್ತರ ಕ್ಯಾಮೆರಾದಲ್ಲಿಲ್ಲ, ಕವಾಯತಿನಲ್ಲಿದೆ. ಸೈನಿಕ ಮುಂದೇನು ಮಾಡುತ್ತಾನೆ ಅನ್ನೋದು ಮೊದಲೇ ನಿಗದಿಯಾಗಿರುತ್ತೆ. ಅದು ಗೊತ್ತಿದ್ದವರು ದೂರದಲ್ಲಿ ಒಂದೇ ಕಡೆ ನಿಂತು ಕಾಯಬಹುದು. ಗೊತ್ತಿಲ್ಲದವರು ಹಿಂದೆಮುಂದೆ ಓಡಾಡಿ ಅವರ ದಾರಿಗೆ ಅಡ್ಡ ಬರುತ್ತಾರೆ.

ಭಾರತೀಯ ಸೇನೆಯ ‘ತೇಜ್ ಚಲ್’ ನಡಿಗೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ. ಅಂದರೆ ಅರ್ಧ ಸೆಕೆಂಡಿಗೊಂದು ಹೆಜ್ಜೆ, ಎಡಗಾಲು ಸೆಕೆಂಡಿಗೊಮ್ಮೆ ನೆಲಕ್ಕೆ. ಬ್ಯಾಂಡಿನ ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿಗೇ ಬೀಳೋದು. ಕಣ್ಣು ಮುಚ್ಚಿ ಹತ್ತು ಸೆಕೆಂಡು ಆ ಪೆಟ್ಟು ಕೇಳಿಸಿಕೊಂಡರೆ ಬೆರಳಿಗೆ ಲಯ ಸಿಗುತ್ತೆ. ಒತ್ತಬೇಕಾದ್ದು ಹಿಮ್ಮಡಿ ನೆಲ ಮುಟ್ಟುವ ಕ್ಷಣಕ್ಕೆ. ಆಗ ಮುಂದಿನ ಕಾಲು ನೇರ, ಎದುರು ಬದಿಯ ಕೈ ಪೂರ್ತಿ ಎತ್ತರದಲ್ಲಿ. ಅದಕ್ಕಿಂತ ಕಾಲು ಸೆಕೆಂಡು ತಡವಾದರೆ ಎರಡೂ ಕಾಲು ಒಂದರ ಹಿಂದೊಂದು ಬಂದು, ಎಷ್ಟೇ ಚೆನ್ನಾಗಿ ನಡೆಯುವವನೂ ಮುಗ್ಗರಿಸಿದ ಹಾಗೆ ಕಾಣುತ್ತಾನೆ.

ನಿಂತಲ್ಲೇ ನಡೆಯುವ ಚಲನೆಗಳಿಗೆ ಹುಕುಂ ಗಮನಿಸಿ. ಪ್ರತಿ ಹುಕುಮಿಗೂ ಎಚ್ಚರಿಕೆಯ ಭಾಗ ಒಂದು, ಜಾರಿಯ ಭಾಗ ಒಂದು. ‘ಸಲಾಮೀ…’ ಎಂದು ಎಳೆದಾಗ ಸುಮ್ಮನಿರಿ, ‘ಶಸ್ತ್ರ್!’ ಎಂದಾಗ ಚಲನೆ ಶುರು. ಸಲಾಮಿ ಶಸ್ತ್ರ (ಬಂದೂಕು ಎದುರಿಗೆ ಹಿಡಿದು ಸಲ್ಲಿಸುವ ವಂದನೆ) ಒಂದೇ ಏಟಿಗೆ ಮುಗಿಯಲ್ಲ, ಹಂತಹಂತವಾಗಿ ನಡೆಯುತ್ತೆ, ನಡುನಡುವೆ ಚಿಕ್ಕ ತಡೆ ಇರುತ್ತೆ. ಆ ತಡೆಗಳಲ್ಲಿ ಇಡೀ ಸಾಲಿನ ಬಂದೂಕು ಒಂದೇ ಕೋನಕ್ಕೆ ಬಂದಿರುತ್ತೆ. ಚಲನೆ ನಡೆಯುವಾಗ ಒತ್ತಿದರೆ ಒಬ್ಬೊಬ್ಬರದು ಒಂದೊಂದು ಎತ್ತರದಲ್ಲಿರುತ್ತೆ. ಆಮೇಲೆ ‘ಸಾಲು ಸರಿಯಿಲ್ಲ’ ಅಂತ ಕಮೆಂಟ್ ಬೀಳುತ್ತೆ. ಸಾಲು ಸರಿಯಾಗೇ ಇತ್ತು, ಫೋಟೊ ಹೊತ್ತು ತಪ್ಪಿತ್ತು.

ಇನ್ನೊಂದು ಮಾತು. ಪಥಸಂಚಲನದಲ್ಲಿ ‘ದಾಹಿನೇ ದೇಖ್’ ಆದಾಗ ಎಲ್ಲರ ತಲೆ ಬಲಕ್ಕೆ ತಿರುಗಿದರೂ ಬಲತುದಿಯವರು ಮುಂದೆ ನೋಡುತ್ತಲೇ ಇರುತ್ತಾರೆ. ಇಡೀ ತುಕಡಿಗೆ ದಿಕ್ಕು ಹಿಡಿದು ಕೊಡುವವರು ಅವರೇ. ಮರೆತು ತಿರುಗಿಲ್ಲ ಅಂದುಕೊಂಡು ಆ ಫೋಟೊ ಅಳಿಸಬೇಡಿ, ಕೆಂಪು ವೃತ್ತ ಹಾಕಿ ಹಂಚಲೂಬೇಡಿ.

ಉದ್ದಲೆನ್ಸ್
ಮೇಲಿನ ಮಾತಿಗೆ ಸಂಖ್ಯೆ ಸೇರಿಸುತ್ತೇನೆ.

ನಡಿಗೆಗೆ ಶಟರ್ ವೇಗ 1/500 ಸೆಕೆಂಡು ಸಾಕು. ಕಾಲು ಝಾಡಿಸುವುದು, ಬಂದೂಕು ಭುಜ ಬದಲಿಸುವುದು ಇದ್ದರೆ 1/1000ಕ್ಕಿಂತ ಕೆಳಗಿಳಿಯಬೇಡಿ. ನಿಂತ ಸಂತ್ರಿಗೆ (ಪಹರೆಯವನಿಗೆ) 1/250.

ಕಷ್ಟ ಇರೋದು ಫೋಕಸ್ ಆಳದಲ್ಲಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 200 ಮಿ.ಮೀ. ಲೆನ್ಸ್, ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), ಸೈನಿಕ 10 ಮೀಟರ್ ದೂರ ಅಂದರೆ ಚೂಪಾಗಿ ಬರುವ ಆಳ ಸುಮಾರು 84 ಸೆಂ.ಮೀ. ಒಬ್ಬರಿಗೆ ಧಾರಾಳ. ಓರೆಯಾಗಿ ಇಡೀ ಸಾಲು ಹಿಡಿಯಲು ಹೋದರೆ ಎರಡನೆಯವರಿಂದಲೇ ಮಸುಕು. ಎಫ್ 11ಕ್ಕೆ ಹೋದರೂ ಸುಮಾರು 1.65 ಮೀಟರ್. ಬದಲಿಗೆ 20 ಮೀಟರಿಗೆ ಹಿಂದೆ ಸರಿದರೆ ಎಫ್ 5.6ರಲ್ಲೇ ಸುಮಾರು 3.4 ಮೀಟರ್ ಸಿಗುತ್ತೆ. ದೂರ ಎರಡು ಪಟ್ಟಾದರೆ ಆಳ ನಾಲ್ಕು ಪಟ್ಟು. ಆದ್ದರಿಂದ ಸಾಲಿನ ಫೋಟೊಗೆ ಹಿಂದೆ ಸರಿಯುವುದೇ ಸರಿಯಾದ ತಂತ್ರ, ಕಾರ್ಯಕ್ರಮಕ್ಕೂ ತೊಂದರೆಯಿಲ್ಲ.

ಕಣ್ಣು ಹುಡುಕುವ ಆಟೊಫೋಕಸ್ಸನ್ನು ಪೂರ್ತಿ ನಂಬಬೇಡಿ. ತಂಪು ಕನ್ನಡಕ, ಹುಬ್ಬಿನವರೆಗೆ ಇಳಿದ ಕರಡಿತುಪ್ಪಳದ ಟೋಪಿ ಇದ್ದರೆ ಅದು ತಡಕಾಡಿ ಹಿಂದಿನ ಜನರ ಮುಖಕ್ಕೆ ಅಂಟಿಕೊಳ್ಳುತ್ತೆ. ಒಂಟಿ ಪಾಯಿಂಟ್ ಆರಿಸಿ ಪದಕಗಳ ಮೇಲೋ ಕೊರಳಪಟ್ಟಿಯ ಮೇಲೋ ಇಡಿ. ಎದೆಯ ಮುಂದೆ ಹಿಡಿದ ಬಂದೂಕಿಗೆ ಫೋಕಸ್ ಬಿದ್ದರೆ ಮುಖ ಕೈತಪ್ಪುತ್ತೆ.

ಹೊಸಚಿಗುರು
ಉದ್ದಲೆನ್ಸ್ ಅವರೇ, ಸದ್ದಾಗಬಾರದು ಅಂತ ಸೈಲೆಂಟ್ ಶಟರ್ ಹಾಕಿದರೆ ಬಂದೂಕು ಬಿಲ್ಲಿನ ಹಾಗೆ ಬಾಗಿ ಬರುತ್ತೆ. 1/2000 ಇಟ್ಟರೂ ಅಷ್ಟೇ. ಲೆನ್ಸ್ ದೋಷವೇ?

ಉದ್ದಲೆನ್ಸ್
ಲೆನ್ಸ್ ಅಲ್ಲ, ಸೆನ್ಸರ್ ಓದುವ ವೇಗ. ಸೈಲೆಂಟ್ ಶಟರಿನಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ದಾಖಲಾಗುತ್ತೆ. ಸಾಮಾನ್ಯ ಸೆನ್ಸರಿಗೆ ಇದಕ್ಕೆ 1/20 ಸೆಕೆಂಡಿನ ಆಸುಪಾಸು ಬೇಕು. ನೀವಿಟ್ಟ 1/2000 ಪ್ರತಿ ಸಾಲಿನ ಲೆಕ್ಕ, ಇಡೀ ಚಿತ್ರದ್ದಲ್ಲ. ಬಂದೂಕಿನ ತುದಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ತಿರುಗುತ್ತಿದ್ದರೆ 1/20 ಸೆಕೆಂಡಿನಲ್ಲಿ 25 ಸೆಂ.ಮೀ. ಸರಿದಿರುತ್ತೆ. ಅದಕ್ಕೇ ಆ ಬಾಗು. ಸ್ಟ್ಯಾಕ್ಡ್ ಸೆನ್ಸರ್ (ಬಹಳ ಬೇಗ ಓದುವ ಸೆನ್ಸರ್) ಇರುವ ಕ್ಯಾಮೆರಾಗಳಲ್ಲಿ ಈ ಕಾಟ ಬಹಳ ಕಡಿಮೆ.

ಅದಿಲ್ಲದಿದ್ದರೆ ಎರಡೂ ಶಟರನ್ನು ಹೊತ್ತು ನೋಡಿ ಬಳಸಿ: ಮೌನದ ಹೊತ್ತಿಗೆ, ನಿಂತ ಭಂಗಿಗೆ ಸೈಲೆಂಟ್; ಹೆಜ್ಜೆ, ಬ್ಯಾಂಡು ಇರುವಾಗ ಸದ್ದು ಮಾಡುವ ಮೆಕ್ಯಾನಿಕಲ್, ಅದರ ಸದ್ದು ಆಗ ಯಾರಿಗೂ ಕೇಳಿಸಲ್ಲ.

ಬಣ್ಣಪಟ್ಟಿ
ಎರಡನೇ ಪ್ರಶ್ನೆಗೆ ಬರೋಣ. ಕೆಂಪು ಕೋಟೇ ದೊಡ್ಡ ಸವಾಲು. ಬಿಸಿಲಲ್ಲಿ ಅದರ ಕೆಂಪು ಚಾನೆಲ್ ಮೊದಲೇ ತುಂಬಿ ತುಳುಕಿರುತ್ತೆ, ಒಟ್ಟು ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮಾತ್ರ ಎಲ್ಲ ಸರಿ ಇದೆ ಅಂತ ತೋರಿಸುತ್ತೆ. ಪರಿಣಾಮ, ಕೋಟಿನ ಮಡಿಕೆ, ಹೊಲಿಗೆ ಎಲ್ಲ ಅಳಿಸಿ ಕೆಂಪು ರಟ್ಟಿನ ತುಂಡಾಗುತ್ತೆ. ಮೂರು ಬಣ್ಣ ಬೇರೆಬೇರೆ ತೋರಿಸುವ ಹಿಸ್ಟೊಗ್ರಾಮ್ ಹಾಕಿಕೊಂಡು, ಕೆಂಪು ಬಲತುದಿ ಮುಟ್ಟದ ಹಾಗೆ ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡು ಪಟ್ಟು) ಇಳಿಸಿ, ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲಿನಲ್ಲಿ) ತೆಗೆಯಿರಿ. ನೆರಳನ್ನು ಆಮೇಲೆ ಎತ್ತಬಹುದು, ಕಳೆದುಹೋದ ಕೆಂಪು ವಾಪಸ್ ಬರಲ್ಲ.

ಬಿಳಿ ಅಮೃತಶಿಲೆಯ ಮುಂದೆ ಗಾಢ ನೀಲಿ ಸಮವಸ್ತ್ರ ಇದ್ದರೆ ಉಲ್ಟಾ. ಕ್ಯಾಮೆರಾದ ಬೆಳಕಿನ ಮೀಟರ್ ಕಲ್ಲಿಗೆ ಮೋಸಹೋಗಿ ಎಲ್ಲವನ್ನೂ ಕಪ್ಪಾಗಿಸುತ್ತೆ, ಮುಕ್ಕಾಲು ಸ್ಟಾಪ್ ಏರಿಸಬೇಕು. ಅತ್ತಿತ್ತ ಬದಲಾಗುವ ಹಿನ್ನೆಲೆ ಇದ್ದರೆ ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಹೊಂದಿಸಿ ಹಾಗೇ ಬಿಡುವುದು ಒಳ್ಳೆಯದು.

ಟೋಪಿಯ ಅಂಚಿನ ನೆರಳಿಗೆ ಫ್ಲ್ಯಾಶ್ ಪರಿಹಾರವಲ್ಲ. ಕಣ್ಣು ಮಿಟುಕಿಸದೆ ನಿಂತವರ ಕಣ್ಣಿಗೆ ಬೆಳಕು ಎಸೆಯುವುದು ಒಪ್ಪತಕ್ಕ ಮಾತಲ್ಲ. ಮಂಡಿಯೂರಿ ಕ್ಯಾಮೆರಾವನ್ನು ಅವರ ಸೊಂಟದ ಮಟ್ಟಕ್ಕೆ ಇಳಿಸಿ. ತಿಳಿಬಣ್ಣದ ನೆಲಹಾಸು ಇದ್ದರೆ ಅದರಿಂದ ಪುಟಿದ ಬೆಳಕು ಗಲ್ಲ, ಕೆನ್ನೆ ತುಂಬುತ್ತೆ.

ಪೋಲರೈಸರ್ ಫಿಲ್ಟರನ್ನು (ಪ್ರತಿಫಲನ ತಗ್ಗಿಸುವ ಗಾಜನ್ನು) ನಾನಂತೂ ಇಲ್ಲಿ ಬಳಸಬೇಡಿ ಅನ್ನುತ್ತೇನೆ. ಅದು ಬೂಟಿನ ಚರ್ಮದ ಹೊಳಪನ್ನು ಅಳಿಸುತ್ತೆ, ಹಿತ್ತಾಳೆಯ ಮಿನುಗಿಗೆ ಏನೂ ಮಾಡಲ್ಲ, ಲೋಹದ ಪ್ರತಿಫಲನ ಅದಕ್ಕೆ ಬಗ್ಗಲ್ಲ. ಗಂಟೆಗಟ್ಟಲೆ ಉಜ್ಜಿ ತಂದ ಆ ಕನ್ನಡಿ ಹೊಳಪೇ ಅವರ ಕೆಲಸದ ಕುರುಹು. ಅದನ್ನು ಒರೆಸಿಹಾಕಿ ಯೋಧನಿಗೆ ಗೌರವ ಅಂದರೆ ಹೇಗೆ?

ದೂರದೇಶ
ಅಮೆರಿಕದ ಆರ್ಲಿಂಗ್ಟನ್ ಸ್ಮಶಾನದ ಅನಾಮಿಕ ಯೋಧನ ಸಮಾಧಿ ನೋಡಿದರೆ ಕವಾಯತುಮೈದಾನ ಅವರ ಮಾತು ಎಷ್ಟು ನಿಜ ಅಂತ ತಿಳಿಯುತ್ತೆ. ಮೊದಲ ಮಹಾಯುದ್ಧದ ಅನಾಮಿಕ ಯೋಧನನ್ನು ಅಲ್ಲಿ ಸಮಾಧಿ ಮಾಡಿದ್ದು 1921ರ ನವೆಂಬರ್ 11ರಂದು. 1937ರ ಜುಲೈನಿಂದ ಹಗಲಿರುಳು ಪಹರೆ, 1948ರಿಂದ ಅದರ ಹೊಣೆ ‘ಓಲ್ಡ್ ಗಾರ್ಡ್’ ಎಂದು ಹೆಸರಾದ 3ನೇ ಪದಾತಿ ರೆಜಿಮೆಂಟಿನದು.

ಸಂತ್ರಿ ಕಪ್ಪು ಚಾಪೆಯ ಮೇಲೆ 21 ಹೆಜ್ಜೆ ನಡೆದು, ಸಮಾಧಿಯ ಕಡೆ ತಿರುಗಿ 21 ಸೆಕೆಂಡು ನಿಲ್ಲುತ್ತಾನೆ. ಮತ್ತೆ ಬಂದ ದಾರಿಗೆ ತಿರುಗಿ, ಬಂದೂಕನ್ನು ಹೊರಭುಜಕ್ಕೆ ಬದಲಿಸಿ, 21 ಸೆಕೆಂಡು ನಿಂತು ಹೊರಡುತ್ತಾನೆ. ಹೋಗಿಬರುವ ಒಂದು ಸುತ್ತಿಗೆ ಸುಮಾರು ಎರಡು ನಿಮಿಷ. ಒಂದು ಸುತ್ತು ತಪ್ಪಿದರೆ ಮುಂದಿನದರಲ್ಲಿ ಅದೇ ಜಾಗದಲ್ಲಿ ಅದೇ ಭಂಗಿ ಸಿಕ್ಕೇ ಸಿಗುತ್ತೆ. ಆದ್ದರಿಂದ ಮೊದಲ ಸುತ್ತು ಬರೀ ನೋಡಿ, ಎರಡನೆಯದಕ್ಕೆ ಫ್ರೇಮ್ ಕಟ್ಟಿ, ಮೂರನೆಯದಕ್ಕೆ ಒತ್ತಿ. ಬಂದೂಕು ಯಾವಾಗಲೂ ಜನರ ಕಡೆಯ ಭುಜದ ಮೇಲೆ, ಸಮಾಧಿಗೂ ಅಪಾಯಕ್ಕೂ ನಡುವೆ ತಾನಿದ್ದೇನೆ ಅನ್ನುವ ಅರ್ಥದಲ್ಲಿ. ಚಿತ್ರದಲ್ಲಿ ಸಮಾಧಿ, ಸಂತ್ರಿ, ಬಂದೂಕು ಮೂರೂ ಬಂದರೆ ಈ ಅರ್ಥ ತಾನಾಗಿ ಕಾಣುತ್ತೆ. ಮುಖದ ಕ್ಲೋಸಪ್ಪಿನಲ್ಲಿ ಅದು ಹೋಗಿಬಿಡುತ್ತೆ.

ಪಹರೆ ಬದಲಾಗುವುದು ಅಕ್ಟೋಬರಿನಿಂದ ಮಾರ್ಚ್‌ವರೆಗೆ ಗಂಟೆಗೊಮ್ಮೆ, ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಸ್ಮಶಾನ ತೆರೆದಿರುವ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ. ಜನ ನಿಲ್ಲುವುದು ಸಮಾಧಿಯ ಪಶ್ಚಿಮಕ್ಕೆ, ಹಾಗಾಗಿ ಬೆಳಿಗ್ಗೆ ಬಿಸಿಲು ಎದುರಿಗೆ ಬರುತ್ತೆ. ಮಧ್ಯಾಹ್ನ ತಿರುಗಿದ ಮೇಲೆ ಮುಂಬದಿಗೆ ಬೆಳಕು.

ಬದಲಾವಣೆಯ ಹೊತ್ತಿಗೆ ಎಲ್ಲರೂ ಮೌನವಾಗಿ ಎದ್ದು ನಿಲ್ಲಬೇಕು. ಗದ್ದಲ ಮಾಡಿದರೆ, ಕಂಬಿ ದಾಟಿದರೆ ಸಂತ್ರಿ ನಡಿಗೆ ನಿಲ್ಲಿಸಿ ಗದರುತ್ತಾನೆ. ಫೋಟೊದ ಆಸೆಗೆ ಅಂಥ ಸನ್ನಿವೇಶ ತಂದಿಡುವವರೂ ಇದ್ದಾರೆ. ಪಹರೆಯವನ ಕೆಲಸ ಕೆಡಿಸಿ ತೆಗೆದ ಫೋಟೊ ಅದು.

ಶೀರ್ಷಿಕೆ ಬರೆಯುವವರಿಗೆ: ನಡೆಯುವ ಸಂತ್ರಿಯ ಸಮವಸ್ತ್ರದಲ್ಲಿ ದರ್ಜೆಯ ಚಿಹ್ನೆ ಇರಲ್ಲ. ಸಮಾಧಿಯ ಒಳಗಿರುವವರ ದರ್ಜೆ ಯಾರಿಗೂ ತಿಳಿಯದು, ಅವರಿಗಿಂತ ಮೇಲೆನಿಸಬಾರದು ಅಂತ. ಊಹಿಸಿ ‘ಸಾರ್ಜೆಂಟ್’ ಅಂತ ಬರೆಯಬೇಡಿ. ಎದೆಯ ಬೆಳ್ಳಿಬಣ್ಣದ ಬಿಲ್ಲೆಯಲ್ಲಿ ಹೂಮಾಲೆ ತಲೆಕೆಳಗಾಗಿರುತ್ತೆ. ಅದು ಶೋಕದ ಗುರುತು, ತಿರುಗುಮುರುಗಾಗಿ ಚುಚ್ಚಿಕೊಂಡಿದ್ದಲ್ಲ.

ಗುಂಡಿಸಾಲು
ಶೀರ್ಷಿಕೆ ವಿಷಯ ಬಂತಲ್ಲ, ಲಂಡನ್ನಿನ ಕೆಂಪುಕೋಟಿನವರನ್ನು ಎಲ್ಲರೂ ‘ಅರಮನೆ ಕಾವಲುಗಾರ’ ಅಂತ ಬರೆದು ಮುಗಿಸುತ್ತಾರೆ. ಅವರು ಐದು ಬೇರೆಬೇರೆ ರೆಜಿಮೆಂಟಿನ ಪದಾತಿ ಸೈನಿಕರು, ಯುದ್ಧಭೂಮಿಗೂ ಹೋಗುವವರು. ಗುರುತಿಸುವುದು ಸುಲಭ, ಕೋಟಿನ ಗುಂಡಿ ಎಣಿಸಿ. ಗುಂಡಿಗಳು ಒಂದೊಂದಾಗಿ ಸಮಾನ ಅಂತರದಲ್ಲಿದ್ದರೆ ಗ್ರೆನೇಡಿಯರ್, ಎರಡೆರಡು ಜೋಡಿಯಾದರೆ ಕೋಲ್ಡ್‌ಸ್ಟ್ರೀಮ್, ಮೂರುಮೂರಾದರೆ ಸ್ಕಾಟ್ಸ್, ನಾಲ್ಕಾದರೆ ಐರಿಷ್, ಐದಾದರೆ ವೆಲ್ಷ್. ಟೋಪಿಯ ತುರಾಯಿಯೂ ಸಾಕ್ಷಿ: ಗ್ರೆನೇಡಿಯರ್‌ಗೆ ಎಡಕ್ಕೆ ಬಿಳಿ, ಕೋಲ್ಡ್‌ಸ್ಟ್ರೀಮ್‌ಗೆ ಬಲಕ್ಕೆ ಕೆಂಪು, ಸ್ಕಾಟ್ಸ್‌ಗೆ ಇಲ್ಲ, ಐರಿಷ್‌ಗೆ ಬಲಕ್ಕೆ ನೀಲಿ, ವೆಲ್ಷ್‌ಗೆ ಎಡಕ್ಕೆ ಬಿಳಿ-ಹಸಿರು-ಬಿಳಿ.

ಎಲ್ಲ ಫೋಟೊ ಮುಗಿದ ಮೇಲೆ ಎದೆಯ ಗುಂಡಿಗಳು ಸ್ಪಷ್ಟವಾಗಿ ಕಾಣುವ ಒಂದು ನೇರ ಫ್ರೇಮ್ ತೆಗೆದಿಟ್ಟುಕೊಳ್ಳಿ. ಮನೆಗೆ ಬಂದು ಶೀರ್ಷಿಕೆ ಬರೆಯುವಾಗ ಅದೇ ಆಧಾರ.

ನಮ್ಮಲ್ಲೂ ಇದೇ ತಪ್ಪು ಆಗುತ್ತೆ. ಅಟ್ಟಾರಿ ಗಡಿಯ ಸಂಜೆಯ ಕವಾಯತು ಬಿಎಸ್‌ಎಫ್‌ನದು. ಅದು ಗೃಹ ಸಚಿವಾಲಯದ ಅಡಿಯ ಪಡೆ, ಭೂಸೇನೆ ಅಲ್ಲ. ರಾಷ್ಟ್ರಪತಿ ಭವನದ ಅಶ್ವದಳ ‘ರಾಷ್ಟ್ರಪತಿಯವರ ಅಂಗರಕ್ಷಕ ಪಡೆ’, 1773ರಲ್ಲಿ ಕಟ್ಟಿದ ಭೂಸೇನೆಯ ರೆಜಿಮೆಂಟು, ಅದರ ಸವಾರರು ಪ್ಯಾರಾಟ್ರೂಪರ್‌ಗಳೂ ಹೌದು. ರಾಷ್ಟ್ರಪತಿಯವರ ಬೆಳ್ಳಿ ಕಹಳೆ ಮತ್ತು ಅದರ ಪತಾಕೆ ಹೊರುವ ಹಕ್ಕು ಈ ಒಂದೇ ರೆಜಿಮೆಂಟಿಗಿದೆ. ಅಂಥ ಫೋಟೊಗೆ ‘ಕುದುರೆ ಸವಾರರು’ ಅಂತ ಬರೆದರೆ ಹೇಳಬೇಕಾದ್ದೆಲ್ಲ ಬಾಕಿ ಉಳಿಯುತ್ತೆ.

ಲಗಾಮು
ಕುದುರೆಗಳ ವಿಷಯ ಚಿಕ್ಕದಾಗಿ. ಫ್ಲ್ಯಾಶ್ ಬೇಡ, ಹತ್ತಿರದಲ್ಲಿ ಛತ್ರಿ ಪಟ್ಟನೆ ಬಿಚ್ಚಬೇಡಿ, ಹಿಂಭಾಗಕ್ಕೆ ಹೋಗಬೇಡಿ. ಲಂಡನ್ನಿನ ಹಾರ್ಸ್ ಗಾರ್ಡ್ಸ್‌ನಲ್ಲಿ ಕುದುರೆ ಕಚ್ಚಬಹುದು, ಒದೆಯಬಹುದು ಅಂತ ಬೋರ್ಡೇ ಇದೆ, ಆದರೂ ಜನ ಲಗಾಮು ಹಿಡಿದು ಫೋಟೊಗೆ ನಿಲ್ಲುತ್ತಾರೆ. ಸವಾರ ನೋವಾದರೂ ಅಲುಗಾಡದೆ ಕೂರಬೇಕು, ಕುದುರೆಗೆ ಆ ಕಟ್ಟುಪಾಡು ಗೊತ್ತಿಲ್ಲ. ಚುರುಕು ಹೆಜ್ಜೆಯ ಓಟಕ್ಕೆ (ಟ್ರಾಟ್) 1/800, ಮುಂಗಾಲಿನ ಮಂಡಿ ಅತಿ ಎತ್ತರಕ್ಕೆ ಬಂದಾಗ ಒತ್ತಿ. ಭರ್ಜಿಯ ತುದಿಯ ಪತಾಕೆ ಫ್ರೇಮಿನಿಂದ ಹೊರಗೆ ಕತ್ತರಿಸದ ಹಾಗೆ ಮೇಲೆ ಜಾಗ ಬಿಡಿ.

ಹೊಸಚಿಗುರು
ಗ್ರೀಸಿನಲ್ಲಿ ಅನಾಮಿಕ ಯೋಧನ ಸಮಾಧಿ ಕಾಯುವ ಎವ್ಝೋನ್ ಯೋಧರ ಪಕ್ಕ ನಿಂತು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದೂ ತಪ್ಪೇ?

ದೂರದೇಶ
ತಪ್ಪಲ್ಲ, ಅಥೆನ್ಸಿನಲ್ಲಿ ಅದಕ್ಕೆ ಅವಕಾಶವಿದೆ, ಕ್ರಮ ಇದೆ ಅಷ್ಟೇ. ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕು. ಮುಟ್ಟಬಾರದು, ಅವರ ಭಂಗಿ ಅಣಕಿಸಬಾರದು, ಮಂಟಪದೊಳಗೆ ಕಾಲಿಡಬಾರದು. ಅಲುಗಾಡದ ಆ ಯೋಧರ ನೆರವಿಗೆ ಇನ್ನೊಬ್ಬ ಸೈನಿಕ ಅಲ್ಲೇ ಇರುತ್ತಾನೆ. ಬೆವರು ಒರೆಸುವುದು, ಟೋಪಿಯ ಕುಚ್ಚು, ನೆರಿಗೆ ಸರಿಪಡಿಸುವುದು ಅವನ ಕೆಲಸ, ಜನರನ್ನು ಹತೋಟಿಯಲ್ಲಿ ಇಡುವವನೂ ಅವನೇ. ಅವನು ಕೈಸನ್ನೆ ಮಾಡಿದರೆ ಮರುಮಾತಿಲ್ಲದೆ ಸರಿಯಿರಿ.

ಆ ಒರೆಸುವ ಕ್ಷಣ ಬಹಳ ಒಳ್ಳೆಯ ಚಿತ್ರ ಅಂತ ನನ್ನ ಅಭಿಪ್ರಾಯ. ಒಬ್ಬ ಯೋಧ ಇನ್ನೊಬ್ಬನ ಹಣೆಗೆ ಕರವಸ್ತ್ರ ಒತ್ತುವಾಗ ಹಿಡಿದ ಕೈಯ ನಯ, ಒರೆಸಿಕೊಳ್ಳುವವನ ಕದಲದ ಕಣ್ಣು. ಇದಕ್ಕೆ 135 ಮಿ.ಮೀ. ಲೆನ್ಸ್, ಎಫ್ 4 ಸಾಕು. ಪಹರೆ ಗಂಟೆಗೊಮ್ಮೆ ಬದಲಾಗುತ್ತೆ, ಭಾನುವಾರ ಬೆಳಿಗ್ಗೆ 11ಕ್ಕೆ ಬ್ಯಾಂಡಿನೊಂದಿಗೆ ದೊಡ್ಡ ಬದಲಾವಣೆ. ಅವರ ಕಾಲಿನ ಎತ್ತರದ ಚಲನೆ ನಿಧಾನ. ಕಾಲು ತುತ್ತತುದಿಯಲ್ಲಿ ಒಂದು ಗಳಿಗೆ ತಡೆಯುತ್ತೆ, ಅಲ್ಲಿ 1/250 ಕೂಡ ನಡೆಯುತ್ತೆ.

ಕಹಳೆ
ಸೇನಾ ಗೌರವದ ಅಂತ್ಯಕ್ರಿಯೆಯ ಬಗ್ಗೆ ಯಾರೂ ಹೇಳಿಲ್ಲ. ಗೌರವ ತುಕಡಿಯ ಅತಿ ಕಠಿಣ ಕೆಲಸ ಅದೇ, ಫೋಟೊಗ್ರಾಫರನ ಪರೀಕ್ಷೆಯೂ ಅಲ್ಲೇ.

ಮನೆಯವರ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಬೇಡಿ. ಒಪ್ಪಿಗೆ ಸಿಕ್ಕರೆ ಮೊದಲೇ ಫೋಕಸ್ ಬೀಪ್, ಫೋಕಸ್ಸಿನ ಕೆಂಪು ದೀಪ ಎರಡನ್ನೂ ನಿಲ್ಲಿಸಿ, ಹಿಂದಿನ ಪರದೆ ಕೂಡ ಆಫ್ ಮಾಡಿ. ಒಂದು ಜಾಗ ಆರಿಸಿ ಅಲ್ಲಿಂದ ಕದಲಬೇಡಿ. ಶವಪೆಟ್ಟಿಗೆಗೂ ಕುಟುಂಬಕ್ಕೂ ನಡುವಿನ ದಾರಿ ಯಾವತ್ತೂ ಖಾಲಿ ಇರಬೇಕು. ಸೈನಿಕರು ನಳಿಗೆ ಕೆಳಮುಖವಾಗಿ ಹಿಡಿದು ತಲೆ ಬಾಗಿಸುವ ಶೋಕ ಶಸ್ತ್ರದ ಹೊತ್ತಿಗೆ ಒಂದು ಫ್ರೇಮ್ ಸಾಕು. ಕಹಳೆಯಲ್ಲಿ ಲಾಸ್ಟ್ ಪೋಸ್ಟ್ (ಅಂತಿಮ ವಂದನೆಯ ರಾಗ) ಮೊಳಗುವಾಗ ಬರ್ಸ್ಟ್ (ಒಂದರ ಮೇಲೊಂದು ಸರಣಿ ಫೋಟೊ) ಬೇಡ. ಕಹಳೆಯವನ ಕೆನ್ನೆ ತುಂಬಿದ ಒಂದು ಕ್ಷಣ ಆರಿಸಿಕೊಂಡು ಮುಗಿಸಿ, ಮೌನದಲ್ಲಿ ಕ್ಯಾಮೆರಾ ಕೆಳಗಿಳಿಸಿ ನಿಲ್ಲಿ.

ಧ್ವಜದ ನಿಯಮ ತಿಳಿದಿರಲಿ. ಪೆಟ್ಟಿಗೆಯ ಮೇಲೆ ಹೊದಿಸಿದಾಗ ಕೇಸರಿ ತಲೆಯ ಕಡೆ ಇರುತ್ತೆ. ಧ್ವಜವನ್ನು ಸಮಾಧಿಯ ಗುಂಡಿಗೆ ಇಳಿಸುವುದಿಲ್ಲ, ಚಿತೆಗೆ ಹಾಕುವುದಿಲ್ಲ, ಮೊದಲೇ ತೆಗೆದು ಮಡಿಸುತ್ತಾರೆ. ಕೇಸರಿ, ಹಸಿರು ಪಟ್ಟಿಗಳು ಬಿಳಿಯ ಅಡಿಗೆ ಹೋಗಿ ಕೊನೆಗೆ ಅಶೋಕಚಕ್ರ ಮೇಲೆ ಕಾಣುವ ಹಾಗೆ. ಮಡಿಸುವ ಕೈಗಳ ಫೋಟೊ ತೆಗೆಯಿರಿ. ಧ್ವಜ ತೆಗೆದುಕೊಳ್ಳುವ ತಾಯಿಯದೋ ಹೆಂಡತಿಯದೋ ಮುಖದ ಮೇಲೆ ಲೆನ್ಸ್ ನಿಲ್ಲಿಸಬೇಡಿ. ಆ ಚಿತ್ರ ಅವರು ಕೇಳಿದರೆ ಮಾತ್ರ ಅವರದು, ಪ್ರಪಂಚದ್ದಲ್ಲ.

ಸಾಕ್ಷಿಚಿತ್ರ
ಕಹಳೆಯವರೇ, ಇದಕ್ಕೆ ನನ್ನ ತಕರಾರಿದೆ. ಬಿಸಿಲಲ್ಲಿ ಕುಸಿದು ಬಿದ್ದ ಸೈನಿಕ, ಅತ್ತ ಮುಖ, ಇವನ್ನೆಲ್ಲ ಬಿಟ್ಟರೆ ಉಳಿಯೋದು ಬರೀ ಥಳುಕು. ಅವರ ಕಷ್ಟ ಜನರಿಗೆ ತಿಳಿಯೋದು ಹೇಗೆ?

ಕಹಳೆ
ಕಷ್ಟ ತೋರಿಸಬೇಡಿ ಅಂದಿಲ್ಲ ಸರ್. ಕುಸಿಯುವುದು ಯಾಕೆ ಅಂತ ನೋಡಿ. ಗಂಟೆಗಟ್ಟಲೆ ಕದಲದೆ ನಿಂತಾಗ ಮೀನಖಂಡ ಕೆಲಸ ಮಾಡದೆ ರಕ್ತ ಕಾಲಲ್ಲೇ ನಿಲ್ಲುತ್ತೆ. ಮೇಲೆ ಬಿಸಿಲು, ದಪ್ಪ ಬಟ್ಟೆ, ಭಾರದ ಟೋಪಿ. ಮಿದುಳಿಗೆ ರಕ್ತ ಸಾಲದೆ ಬೀಳುತ್ತಾರೆ. ಅದನ್ನು ತಡೆಯಲು ನಿಂತಲ್ಲೇ ಬೂಟಿನೊಳಗೆ ಬೆರಳು ಮಡಚುವುದು, ಮಂಡಿ ಬಿಗಿಹಿಡಿಯದಿರುವುದು ಮುಂತಾದ ಉಪಾಯ ಮಾಡುತ್ತಾರೆ. ಕಷ್ಟ ತೋರಿಸಲು ಕೊರಳಪಟ್ಟಿ ನೆನೆದ ಬೆವರು ಇದೆ, ಪಟ್ಟಿ ಒತ್ತಿದ ಗಲ್ಲದ ಗುರುತು ಇದೆ. ನೆಲಕ್ಕೆ ಬಿದ್ದವನ ಫೋಟೊ ಹರಡಿದರೆ ಜನ ನೆನಪಿಡುವುದು ಬಿದ್ದದ್ದನ್ನು, ನಿಂತ ಗಂಟೆಗಳನ್ನಲ್ಲ.

ಸಾಕ್ಷಿಚಿತ್ರ
ಬೆವರು, ಗಲ್ಲದ ಗುರುತು ಒಪ್ಪಿದೆ. ಆದರೆ ಅತಿ ಬಿಸಿಲಲ್ಲಿ ನಿಲ್ಲಿಸಿದ್ದೇ ತಪ್ಪಾಗಿದ್ದರೆ ಮುಖ ಕಾಣದ ಹಾಗೆ ಪ್ರಕಟಿಸುವುದು ಸರಿ ಅಂತಲೇ ನನ್ನ ನಿಲುವು.

ಕಹಳೆ
ಮುಖ, ಹೆಸರುಪಟ್ಟಿ ಎರಡೂ ಕಾಣಬಾರದು. ಅಷ್ಟಾದರೆ ನನಗೂ ಒಪ್ಪಿಗೆ.

ಉದ್ದಲೆನ್ಸ್
ಕುಶಾಲತೋಪು ಹಾರಿಸುವಾಗ ನಳಿಗೆಯ ಬೆಂಕಿ ಫೋಟೊದಲ್ಲಿ ಯಾಕೆ ಸಿಗಲ್ಲ ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ, ಇಲ್ಲೇ ಬರೆಯುತ್ತೇನೆ. ನಳಿಗೆಯ ಬೆಂಕಿ ಸಿಗದಿರಲು ಕಾರಣ ಶಟರ್ ತೀರಾ ವೇಗವಾಗಿರುವುದು. ಸೆಕೆಂಡಿಗೆ 10 ಫ್ರೇಮ್ ತೆಗೆದು ಒಂದೊಂದೂ 1/1000 ಆದರೆ ಶಟರ್ ತೆರೆದಿರುವುದು ನೂರರಲ್ಲಿ ಒಂದು ಪಾಲು ಸಮಯ ಮಾತ್ರ. 1/60 ಆದರೆ ಆರರಲ್ಲಿ ಒಂದು ಪಾಲು, 1/15 ಆದರೆ ಮೂರರಲ್ಲಿ ಎರಡು. ಫಿರಂಗಿಯವರು ಕದಲದೆ ಇರುವುದರಿಂದ 1/15 ನಡೆಯುತ್ತೆ, ಟ್ರೈಪಾಡ್ ಬೇಕು, ಹಗಲಲ್ಲಿ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಕು.

ಗಣರಾಜ್ಯೋತ್ಸವದಲ್ಲಿ 21 ತೋಪುಗಳು ರಾಷ್ಟ್ರಗೀತೆಯ 52 ಸೆಕೆಂಡಿಗೆ ಹೊಂದಿಸಿ ಹಾರುತ್ತವೆ, ಅಂತರ ಎರಡೂವರೆ ಸೆಕೆಂಡಿನ ಆಸುಪಾಸು. ಮೊದಲ ಎರಡು ಏಟಿನಲ್ಲಿ ಲಯ ಹಿಡಿದು ಮೂರನೆಯದಕ್ಕೆ ಸ್ವಲ್ಪ ಮೊದಲೇ ಬರ್ಸ್ಟ್ ಶುರು ಮಾಡಿ. ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆ ನಿಲ್ಲಿ, ಇಲ್ಲದಿದ್ದರೆ ಎರಡನೇ ತೋಪಿಗೇ ಹೊಗೆ ಎಲ್ಲ ಮುಚ್ಚುತ್ತೆ. 2023ರ ಗಣರಾಜ್ಯೋತ್ಸವದಿಂದ ಹಳೆಯ 25 ಪೌಂಡರ್ ಬದಲು ನಮ್ಮಲ್ಲೇ ತಯಾರಾದ 105 ಮಿ.ಮೀ. ಫಿರಂಗಿ ಬಳಸುತ್ತಿದ್ದಾರೆ, ಶೀರ್ಷಿಕೆಯಲ್ಲಿ ಹಳೆಯ ಹೆಸರು ಹಾಕಬೇಡಿ.

ಒಂದು ಎಚ್ಚರಿಕೆ. ರಾಷ್ಟ್ರಗೀತೆಗೆ ಪ್ರೇಕ್ಷಕರೂ ನೆಟ್ಟಗೆ ನಿಲ್ಲಬೇಕು. ಕ್ಯಾಮೆರಾ ಟ್ರೈಪಾಡಿನಲ್ಲಿಟ್ಟು ತಂತಿ ಬಟನ್ ಕೈಯಲ್ಲಿಟ್ಟುಕೊಂಡರೆ ಎರಡೂ ಆಗುತ್ತೆ.

ಜ್ಯೋತಿ_ಛಾಯೆ
ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋಗುವವರಿಗೆ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದದ್ದು. ಅಮರ, ವೀರತಾ, ತ್ಯಾಗ, ರಕ್ಷಕ ಎಂದು ನಾಲ್ಕು ಚಕ್ರ, ನಡುವೆ 15.5 ಮೀಟರಿನ ಸ್ತಂಭ, ಅದರ ಬುಡದಲ್ಲಿ ಜ್ಯೋತಿ. ಇಂಡಿಯಾ ಗೇಟಿನಲ್ಲಿ 1972ರಿಂದ ಉರಿಯುತ್ತಿದ್ದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ಇದರಲ್ಲಿ ಸೇರಿಸಿದರು. ಹಳೆಯ ಫೋಟೊ ಹಂಚುವಾಗ ಈ ದಿನಾಂಕ ನೋಡಿಕೊಳ್ಳಿ.

ನಡುಹಗಲಲ್ಲಿ ಜ್ವಾಲೆ ಕ್ಯಾಮೆರಾಗೆ ಕಾಣುವುದೇ ಇಲ್ಲ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದೊಳಗೆ ಆಕಾಶವೂ ಜ್ವಾಲೆಯೂ ಹೊಂದುತ್ತವೆ. 1/200, ಒಂದು ಸ್ಟಾಪ್ ಕಡಿಮೆ, ಆಗ ಜ್ವಾಲೆಗೆ ಆಕಾರ ಇರುತ್ತೆ. ಜ್ಯೋತಿಯ ಮೇಲಿಂದ ಹಾದು ಆಚೆಯ ಯೋಧನನ್ನು ಹಿಡಿದರೆ ಮುಖ ನೀರಲ್ಲಿ ಅಲೆದಂತೆ ಬರುತ್ತೆ. ಬಿಸಿಗಾಳಿಯ ಕಾರಣ ಅದು, ಯಾವ ಸೆಟ್ಟಿಂಗಿಗೂ ಹೋಗಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸರಿ.

ಸಂಜೆ ಹುತಾತ್ಮರ ಮನೆಯವರು ಪುಷ್ಪಚಕ್ರ ಇಡುವ ಕಾರ್ಯಕ್ರಮಕ್ಕೆ ಮೇಲೆ ಕಹಳೆ ಹೇಳಿದ್ದೇ ಅನ್ವಯ.

ಕವಾಯತುಮೈದಾನ
ಮುಖ್ಯವಾದದ್ದೊಂದು ಬಿಟ್ಟುಹೋಗಿದೆ. ಸ್ಮಾರಕದ ಸಂತ್ರಿ ಬೇರೆ, ಕಂಟೋನ್ಮೆಂಟ್ ಗೇಟಿನ ಸಂತ್ರಿ ಬೇರೆ. ಎರಡನೆಯವನದು ಭದ್ರತೆಯ ಕೆಲಸ. ಸೇನಾ ನೆಲೆ, ಗೇಟು, ತಪಾಸಣಾ ಠಾಣೆಗಳ ಫೋಟೊ ತೆಗೆಯಬೇಡಿ, 1923ರ ಅಧಿಕೃತ ರಹಸ್ಯ ಕಾಯ್ದೆ ಇಂಥ ಜಾಗಗಳಿಗೇ ಇರುವುದು. ಡ್ರೋನ್ ಮಾತೇ ಎತ್ತಬೇಡಿ. ಸ್ಮಾರಕದಲ್ಲೂ ಟ್ರೈಪಾಡಿಗೆ ಅನುಮತಿ ಕೇಳಿ.

ನೆರಳುಬೆಳಕು
ಎಲ್ಲರಿಗೂ ಧನ್ಯವಾದ. ಮೂರನೇ ಪ್ರಶ್ನೆ ಇನ್ನೂ ಬಾಕಿ: ಫೋಟೊ ಅವರಿಗೆ ತಲುಪಿಸುವುದು ಹೇಗೆ?

ಗುಂಡಿಸಾಲು
ಪಹರೆಯಲ್ಲಿರುವವನಿಗೆ ಹೋಗಿ ಹೆಸರು, ನಂಬರ್ ಕೇಳಬಾರದು. ಅವನು ಉತ್ತರಿಸುವ ಹಾಗೂ ಇಲ್ಲ. ‘ಇವರು ಯಾರು ಗೊತ್ತಾ’ ಅಂತ ಫೇಸ್‌ಬುಕ್ಕಿನಲ್ಲಿ ಹಾಕುವುದು ಇನ್ನೂ ಕೆಟ್ಟದ್ದು, ಸೈನಿಕನ ಹೆಸರು, ಊರು, ಘಟಕ ಎಲ್ಲ ಒಂದೇ ಕಡೆ ಬಯಲಾಗುತ್ತೆ. ರೆಜಿಮೆಂಟಿನ ಕೇಂದ್ರಕ್ಕೆ, ಅಡ್ಜುಟೆಂಟ್ (ಆಡಳಿತ ನೋಡುವ ಅಧಿಕಾರಿ) ಅವರ ಹೆಸರಿಗೆ ಕಾಗದ ಬರೆಯಿರಿ. ದಿನಾಂಕ, ವೇಳೆ, ಸ್ಥಳ, ಎಡದಿಂದ ಎಷ್ಟನೆಯವರು ಅಂತ ಬರೆದರೆ ಅವರೇ ಗುರುತಿಸಿ ತಲುಪಿಸಬಹುದು. ಪ್ರಿಂಟ್ ಎರಡೆರಡು ಕಳಿಸಿ, ಒಂದು ಯೋಧನಿಗೆ, ಒಂದು ಘಟಕಕ್ಕೆ. ಪೆನ್‌ಡ್ರೈವ್ ಬೇಡ, ಸೇನಾ ಕಚೇರಿಗಳಲ್ಲಿ ಹೊರಗಿನದನ್ನು ಕಂಪ್ಯೂಟರಿಗೆ ಹಾಕಲ್ಲ. ಮುಖದ ಮೇಲೆ ವಾಟರ್‌ಮಾರ್ಕ್ ಹಾಕಿದ ಪ್ರಿಂಟ್ ಕಳಿಸುವುದಾದರೆ ಕಳಿಸದೇ ಇರುವುದು ಮೇಲು.

ನೆಟ್‌ಗೆ ಹಾಕುವ ಪ್ರತಿಯಿಂದ ಜಿಪಿಎಸ್ ಮಾಹಿತಿ ತೆಗೆಯಿರಿ. ಎದೆಯ ಹೆಸರುಪಟ್ಟಿ ಓದುವ ಹಾಗಿದ್ದರೆ ಸ್ವಲ್ಪ ಮಸುಕು ಮಾಡಿ, ಪ್ರಿಂಟಿನಲ್ಲಿ ಹಾಗೇ ಇರಲಿ.

ಬಣ್ಣಪಟ್ಟಿ
ಎಡಿಟಿಂಗಿನಲ್ಲಿ ಒಂದು ತಪ್ಪು ಪದೇಪದೇ ಕಾಣುತ್ತೆ. ಕಂಪೋಸಿಷನ್ ಚೆನ್ನಾಗಿ ಕಾಣಲಿ ಅಂತ ಚಿತ್ರವನ್ನು ಎಡಬಲ ತಿರುಗಿಸುತ್ತಾರೆ. ಪದಕ ಬಲ ಎದೆಗೆ ಹೋಗುತ್ತೆ, ಕತ್ತಿ ಬಲಸೊಂಟಕ್ಕೆ, ಸೆಲ್ಯೂಟ್ ಎಡಗೈಗೆ. ಸೈನಿಕನಿಗೆ ಅದು ಒಂದೇ ನೋಟಕ್ಕೆ ಚುಚ್ಚುತ್ತೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸುವುದು) ಕೂಡ ಹಾಗೇ. ಹಳದಿ ದೀಪದಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ಮರೂನ್ ಟೋಪಿ ಕಂದಾಗಿಬಿಡುತ್ತೆ. ಕೈಗವಸಿನ ಬಿಳಿಯನ್ನು ಆಧಾರವಾಗಿಟ್ಟು ಸರಿಪಡಿಸಿ. ಚರ್ಮ ನುಣುಪು ಮಾಡುವ ಫಿಲ್ಟರ್ ಬೇಡವೇ ಬೇಡ.

ಹೊಸಚಿಗುರು
ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ ಕೆಲವರು ಬಲ ಎದೆಯಲ್ಲೇ ಪದಕ ಧರಿಸಿ ಬಂದ ಫೋಟೊ ಇದೆಯಲ್ಲ ಮೇಡಂ, ಅವೆಲ್ಲ ತಿರುಗಿಸಿದ್ದೇ?

ಬಣ್ಣಪಟ್ಟಿ
ಅಲ್ಲ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ತೀರಿಹೋದ ಅಪ್ಪನದೋ ಅಜ್ಜನದೋ ಪದಕವನ್ನು ಮನೆಯವರು ಬಲ ಎದೆಗೆ ಹಾಕಿಕೊಳ್ಳುವ ಪದ್ಧತಿ ಇದೆ. ಎಡ ಎದೆ ಗಳಿಸಿದವರಿಗೆ ಮಾತ್ರ. ಅನುಮಾನ ಬಂದರೆ ಕೋಟಿನ ಗುಂಡಿ ಯಾವ ಬದಿಗಿದೆ, ಹಿಂದಿನ ಬೋರ್ಡಿನ ಅಕ್ಷರ ನೇರ ಇದೆಯೇ ನೋಡಿ.

ನೆರಳುಬೆಳಕು
ಪ್ರಿಂಟಿನ ಹಿಂದೆ ವಿವರ ಬರೆಯಲು ಯಾವ ಪೆನ್ನು? ಬಾಲ್‌ಪೆನ್ನಿನ ಒತ್ತು ಮುಂದೆ ಮೂಡುತ್ತಲ್ಲ.

ಗುಂಡಿಸಾಲು
ಹೌದು, ಮುಖದ ಮೇಲೆ ಗೆರೆ ಎದ್ದುಬಿಡುತ್ತೆ. ಪ್ಲಾಸ್ಟಿಕ್ ಲೇಪದ ಫೋಟೊ ಕಾಗದಕ್ಕೆ ಪೆನ್ಸಿಲ್ ಸರಿಯಾಗಿ ಹತ್ತಲ್ಲ. ಬೇಗ ಒಣಗುವ ಪಿಗ್ಮೆಂಟ್ ಇಂಕಿನ ಸಣ್ಣ ಮೊನೆಯ ಪೆನ್ನು ತಗೊಂಡು ಅಂಚಿನ ಬಿಳಿ ಜಾಗದ ಹಿಂದೆ ಮಾತ್ರ ಬರೆಯಿರಿ: ದಿನಾಂಕ, ಸ್ಥಳ, ಸಂದರ್ಭ, ರೆಜಿಮೆಂಟು. ಪೂರ್ತಿ ಒಣಗಿದ ಮೇಲೆ, ಎರಡು ಪ್ರಿಂಟಿನ ನಡುವೆ ಒಂದು ಬಿಳಿ ಹಾಳೆ ಇಟ್ಟು ಜೋಡಿಸಿ, ಆಚೀಚೆ ಗಟ್ಟಿ ರಟ್ಟು ಕೊಟ್ಟು ಕಳಿಸಿ.